ಅಮ್ಮಂದಿರೂ ಕೂರುವ ಶಿಶುವಿಹಾರ

ತಿರುಮಕೂಡಲು ನರಸೀಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಮೈಸೂರು ಬಸ್ಸು ಹತ್ತುವುದೆಂದರೆ ಒಂದು ಸಾಹಸವೇ ಸರಿ. ಕಾಲೇಜಿಗೆ ಹೊರಟ ಹುಡುಗ ಹುಡುಗಿಯರು, ಕಚೇರಿ ಗುಮಾಸ್ತರು, ಗಾರೆ ಕೆಲಸದವರು, ಹೂವಿನ ಬುಟ್ಟಿ ಹೊತ್ತ ಹೆಂಗಸರು. ಈ ನೂಕುನುಗ್ಗಲಿಗೆ ಸುಮಾರು ಎರಡು ವರ್ಷದಿಂದ ನಮ್ಮ ಮನೆಯ ಇಬ್ಬರೂ ಸೇರಿಕೊಂಡಿದ್ದಾರೆ. ಒಬ್ಬಳು ನನ್ನ ತಂಗಿಯ ಮಗಳು. ಇನ್ನೊಬ್ಬ ಅವಳ ಮಗ, ನಾಲ್ಕು ತುಂಬಿದೆ. ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟ. ಅವನ ಎರಡೂ ಕಿವಿಗಳ ಹಿಂದೆ ಗೋಡಂಬಿಯಾಕಾರದ ಪುಟ್ಟ ಯಂತ್ರಗಳು ಕೂತಿವೆ. ಹೆಗಲ ಚೀಲದಲ್ಲಿ ಸ್ಲೇಟಿಲ್ಲ, ಪಠ್ಯಪುಸ್ತಕವಿಲ್ಲ. ಒಂದು ಲೋಟ, ಒಂದು ಚಮಚ, ಒಂದು ನಿಂಬೆಹಣ್ಣು ಮತ್ತು ಬಸ್ ಟಿಕೆಟ್ಟುಗಳನ್ನು ಅಂಟಿಸಿದ ಒಂದು ನೋಟ್‌ಬುಕ್ಕು.

ಇದೆಂಥ ಶಾಲೆಯಪ್ಪ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅದನ್ನು ಕಣ್ಣಾರೆ ನೋಡಿ ಬರೋಣವೆಂದು ಮೊನ್ನೆ ಒಂದು ದಿನ ಶಾಲೆಗೆ ರಜೆ ಹಾಕಿ ಅವರೊಡನೆ ಬಸ್ಸು ಹತ್ತಿದೆ.

ಕಾವೇರಿ ಕಪಿಲೆಯರು ಕೂಡುವ ನಮ್ಮೂರಿನಿಂದ ಮೈಸೂರಿಗೆ ಸುಮಾರು 30 ಕಿಲೋಮೀಟರ್. ಭತ್ತದ ಗದ್ದೆ, ಕಬ್ಬಿನ ತೋಟ, ವರುಣದ ಕೆರೆ ದಾಟಿದ ಮೇಲೆ ಚಾಮುಂಡಿ ಬೆಟ್ಟ ದೊಡ್ಡದಾಗುತ್ತಾ ಬರುತ್ತದೆ. ಮೈಸೂರಿನಲ್ಲಿ ಇಳಿದು ಇನ್ನೊಂದು ಸಿಟಿ ಬಸ್ಸು ಹಿಡಿದು ಕುಕ್ಕರಹಳ್ಳಿ ಕೆರೆಯ ಆಚೆಗೆ ಹೋದರೆ ಮಾನಸಗಂಗೋತ್ರಿ. ಆ ಹೆಸರನ್ನು ಇಟ್ಟವರು ಕುಲಪತಿಗಳಾಗಿದ್ದ ಕುವೆಂಪು ಎಂಬುದು ನಿಮಗೆಲ್ಲ ಗೊತ್ತು. ಅದಕ್ಕೆ ಅಂಟಿಕೊಂಡೇ ಇದೆ ನೈಮಿಷಂ ಎಂಬ ಆವರಣ, ಅಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು.

ಪುರಾಣದ ನೈಮಿಷಾರಣ್ಯ ಶೌನಕಾದಿ ಮುನಿಗಳು ಸೂತ ಪುರಾಣಿಕರ ಬಾಯಿಂದ ಕಥೆ ಕೇಳಿದ ಜಾಗ. ಕೇಳುವುದಕ್ಕೇ ಹೆಸರಾದ ವನ. ಕಿವಿ ಕೇಳದ ಮಕ್ಕಳು ಬಂದು ಸೇರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು?

ಮೇಷ್ಟ್ರ ತಪ್ಪು ಪ್ರಯೋಗ

ಮೊದಲು ನಾವು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ. ಆದರೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಪುಟ್ಟ ಹುಟ್ಟಿದ್ದು 2021ರ ಮೇ ತಿಂಗಳಲ್ಲಿ. ಹೆರಿಗೆಯಾದ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಆಗಲಿಲ್ಲ. ಅಂಥದ್ದೊಂದು ಪರೀಕ್ಷೆ ಉಂಟೆಂದು ನಾವೂ ಕೇಳಲಿಲ್ಲ. ಮಗು ದುಂಡು ದುಂಡಾಗಿ ಬೆಳೆಯಿತು, ನಕ್ಕಿತು, ತೆವಳಿತು, ಸಕಾಲಕ್ಕೆ ನಡೆಯಿತು. ಹದಿನಾಲ್ಕನೆಯ ತಿಂಗಳಲ್ಲಿ ತೂಕ ಹಾಕಿಸಲು ಹೋದಾಗ ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ ಒಂದು ಮಾತು ಹೇಳಿದರಂತೆ. ಸಂಜೆ ಸಿಕ್ಕಾಗ ನನಗೂ ಹೇಳಿದರು: "ಸಾರ್, ಮಗ ಹಿಂದಿಂದ ಕರೆದ್ರೆ ತಿರುಗಾಕಿಲ್ಲ. ಒಂದ್ ಸಾರಿ ಮೈಸೂರ್ನಾಗೆ ತೋರಿಸಿ."

ನಾನು ವಿಜ್ಞಾನದ ಮೇಷ್ಟ್ರು. ಎಂಟನೆಯ ತರಗತಿಗೆ ಶಬ್ದದ ಪಾಠವನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದವನು. ಪರೀಕ್ಷಿಸಿಯೇ ಬಿಡೋಣವೆಂದು ಹಜಾರದಲ್ಲಿ ಆಡುತ್ತಿದ್ದ ಮಗುವಿನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಮಗು ತಿರುಗಿ ನೋಡಿತು. ತಟ್ಟೆಯನ್ನು ನೆಲಕ್ಕೆ ಬಡಿದೆ. ಆಗಲೂ ತಿರುಗಿತು. "ಕಿವಿ ಚೆನ್ನಾಗಿ ಕೇಳುತ್ತೆ. ಗಂಡುಮಕ್ಕಳಿಗೆ ಮಾತು ತಡ. ನಮ್ಮಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು" ಎಂದು ತೀರ್ಪು ಕೊಟ್ಟೆ. ಮನೆಯಲ್ಲಿ ಓದಿದವನು ನಾನೊಬ್ಬನೇ. ಎಲ್ಲರೂ ನಿರಾಳವಾದರು.

ನನ್ನ ಪ್ರಯೋಗದಲ್ಲಿ ಏನು ತಪ್ಪಿತ್ತು ಎಂದು ವಿದ್ಯಾರ್ಥಿಗಳು ಈಗಲೇ ಯೋಚಿಸಿ ನೋಡಲಿ. ನನ್ನ ಹಿಂದೆ ಕಿಟಕಿಯಿತ್ತು. ನಾನು ಕೈಯೆತ್ತಿದಾಗ ನೆರಳು ಮಗುವಿನ ಮುಂದೆ ಆಡಿತ್ತು. ಚಪ್ಪಾಳೆಯ ಗಾಳಿ ಕತ್ತಿಗೆ ತಾಕುವಷ್ಟು ಹತ್ತಿರ ನಿಂತಿದ್ದೆ. ತಟ್ಟೆ ಬಡಿದಾಗ ನೆಲ ಅದುರಿತ್ತು. ಮಗು ಕೂತದ್ದು ಅದೇ ನೆಲದ ಮೇಲೆ. ಮಗು ಕಣ್ಣಿನಿಂದ, ಚರ್ಮದಿಂದ 'ಕೇಳಿತ್ತು'. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದನ್ನು ಹಿಡಿತದಲ್ಲಿಡಬೇಕು ಎಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುವವನೇ ಮನೆಯಲ್ಲಿ ಅದನ್ನು ಮರೆತಿದ್ದೆ. ಇನ್ನೊಂದು ಮಾತು. ಕಿವಿ ಮಂದವಾದ ಅನೇಕ ಮಕ್ಕಳಿಗೆ ತಟ್ಟೆಯ ಸದ್ದು, ಪಟಾಕಿಯ ಸದ್ದು ನಿಜವಾಗಿಯೂ ಕೇಳಿಸುತ್ತದೆ. ಕೇಳಿಸದೆ ಹೋಗುವುದು ಮಾತು. ಒಂದು ಮೀಟರ್ ದೂರದಲ್ಲಿ ನಾವಾಡುವ ಮಾತು ಸುಮಾರು 60 ಡೆಸಿಬೆಲ್ ಅಷ್ಟೆ.

ಎರಡನೆಯ ಹುಟ್ಟುಹಬ್ಬವೂ ಕಳೆಯಿತು. ಮಾತು ಬರಲಿಲ್ಲ. ಒಂದು ರಾತ್ರಿ ನನ್ನ ತಂಗಿಯ ಮಗಳು ಬಾಗಿಲಲ್ಲಿ ನಿಂತು, "ಮಾವ, ಕರೆಂಟು ಹೋದಾಗ ಕತ್ತಲಲ್ಲಿ ಎಷ್ಟು ಕೂಗಿದ್ರೂ ಇವನು ಅಳು ನಿಲ್ಸಲ್ಲ. ದೀಪ ಹಚ್ಚಿ ನನ್ನ ಮುಖ ಕಂಡ ಮೇಲೇನೇ ನಿಲ್ಸೋದು" ಎಂದಳು. ಯಾವ ಉಪಕರಣವೂ ಇಲ್ಲದೆ ಅವಳು ನನಗಿಂತ ಶುದ್ಧವಾದ ಪ್ರಯೋಗ ಮಾಡಿದ್ದಳು. ಬೆಳಕನ್ನು ತೆಗೆದಿದ್ದಳು, ದನಿಯನ್ನು ಮಾತ್ರ ಉಳಿಸಿದ್ದಳು. 2023ರ ಆಗಸ್ಟ್‌ನಲ್ಲಿ ನಾವು ನೈಮಿಷದ ಬಾಗಿಲು ತುಳಿದೆವು. ಕಾರ್ಯಕರ್ತೆ ಹೇಳಿದ ದಿನದಿಂದ ಅಷ್ಟು ಹೊತ್ತಿಗೆ ಹದಿಮೂರು ತಿಂಗಳು ಕಳೆದಿತ್ತು.

ಸದ್ದಿಲ್ಲದ ಕೋಣೆ

ಈ ಸಂಸ್ಥೆ ಶುರುವಾದದ್ದು 1965ರಲ್ಲಿ. 1966ರಲ್ಲಿ ಈಗಿನ ಹೆಸರು ಪಡೆಯಿತು. ಜಾಗ ಕೊಟ್ಟವರು ಜಯಚಾಮರಾಜ ಒಡೆಯರು. ಶಂಕುಸ್ಥಾಪನೆ ಮಾಡಿದವರು ಆಗ ರಾಷ್ಟ್ರಪತಿಗಳಾಗಿದ್ದ, ಹಿಂದೆ ಮೈಸೂರಿನಲ್ಲೇ ಪಾಠ ಹೇಳಿದ್ದ ರಾಧಾಕೃಷ್ಣನ್. ಹಳೆಯ ಮರಗಳ ನೆರಳಿನಲ್ಲಿ ಕೂತ ತಂದೆತಾಯಂದಿರನ್ನು ಮಾತಾಡಿಸಿದರೆ ಕನ್ನಡ, ಮಲಯಾಳ, ಹಿಂದಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ.

ಅಲ್ಲಿಯ ಪರೀಕ್ಷಾ ಕೋಣೆ ನನ್ನ ಹಜಾರದ ಪ್ರಯೋಗಕ್ಕೆ ತಕ್ಕ ಉತ್ತರದಂತಿತ್ತು. ಹೊರಗಿನ ಸದ್ದು ಒಳಬರದಂತೆ ಕಟ್ಟಿದ ದಪ್ಪ ಗೋಡೆ. ಅಮ್ಮನ ತೊಡೆಯ ಮೇಲೆ ಮಗು. ಎದುರಿಗೆ ಒಬ್ಬರು ಆಟಿಕೆ ತೋರಿಸಿ ಗಮನ ಹಿಡಿದಿಟ್ಟರೆ, ಗಾಜಿನಾಚೆ ಕೂತವರು ಬೇರೆ ಬೇರೆ ಕಂಪನಾಂಕದ ಸದ್ದುಗಳನ್ನು ಧ್ವನಿವರ್ಧಕದಿಂದ ಬಿಡುತ್ತಾರೆ. ನೆರಳಿಲ್ಲ, ಗಾಳಿಯಿಲ್ಲ, ನೆಲ ಅದುರುವುದಿಲ್ಲ. ಮಗು ತಿರುಗಿದರೆ ಅದು ಕಿವಿಯಿಂದಲೇ.

ಆಮೇಲೆ ಇನ್ನೆರಡು ಪರೀಕ್ಷೆ. ಒಂದರಲ್ಲಿ ಕಿವಿಯೊಳಗೆ ಮೆತ್ತನೆಯ ತುದಿಯೊಂದನ್ನಿಟ್ಟು ಟಿಕ್ ಟಿಕ್ ಸದ್ದು ಬಿಡುತ್ತಾರೆ. ಆರೋಗ್ಯವಾದ ಒಳಕಿವಿ ತಾನೇ ಒಂದು ಅತಿ ಸಣ್ಣ ಪ್ರತಿಧ್ವನಿಯನ್ನು ಹಿಂದಕ್ಕೆ ಕಳಿಸುತ್ತದೆ. ಇದನ್ನು 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಕಂಡುಹಿಡಿದರು. ಹುಟ್ಟಿದ ಮರುದಿನದ ಕೂಸಿಗೂ, ನಿದ್ದೆಯಲ್ಲಿರುವಾಗಲೇ, ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡಬಹುದು. ಎರಡನೆಯದು ಬೆರಾ ಪರೀಕ್ಷೆ. ಮಲಗಿದ ಮಗುವಿನ ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಸದ್ದು ಬಿಟ್ಟ ಮೊದಲ ಹತ್ತು ಮಿಲಿಸೆಕೆಂಡಿನಲ್ಲಿ ನರಗಳಲ್ಲಿ ಏಳುವ ಅಲೆಗಳನ್ನು ದಾಖಲಿಸುವುದು. ಸೂಜಿಯಿಲ್ಲ, ನೋವಿಲ್ಲ.

ಫಲಿತಾಂಶ ಬಂತು. ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ. ಒಳಕಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿರುತ್ತವೆ. ಮನುಷ್ಯರಲ್ಲಿ ಅವು ಹಾಳಾದರೆ ಮತ್ತೆ ಹುಟ್ಟುವುದಿಲ್ಲ. ಔಷಧಿಯಿಂದ ವಾಸಿಯಾಗುವ ಕಾಯಿಲೆಯಲ್ಲ ಎಂದು ಅವರು ನಿಧಾನವಾಗಿ, ಕನ್ನಡದಲ್ಲಿ ತಿಳಿಸಿ ಹೇಳಿದರು.

ವಂಶದ ವಿಚಾರ ಕೇಳಿದಾಗ ನಾನು ತಲೆ ತಗ್ಗಿಸಬೇಕಾಯಿತು. ಪುಟ್ಟನ ತಂದೆ ನನ್ನ ಕೊನೆಯ ತಮ್ಮ. ಎಂದರೆ ಹುಡುಗಿಯನ್ನು ಸೋದರಮಾವನಿಗೇ ಕೊಟ್ಟದ್ದು. ನಮ್ಮ ಕಡೆ ಇದು ಹೊಸತಲ್ಲ. ಮಾತುಕತೆಯಲ್ಲಿ ಮುಂದೆ ನಿಂತವನೂ ನಾನೇ. ಮೆಂಡೆಲನ ಬಟಾಣಿ ಗಿಡಗಳ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆ! ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ದೋಷವಾಹಿ ಅಡಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ದೋಷ ಕಾಣಿಸಿಕೊಳ್ಳುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಹೀಗೆ ಇಬ್ಬರಲ್ಲೂ ಅದೇ ಅಡಗಿರುವ ಸಾಧ್ಯತೆ ಹೆಚ್ಚು. ಹಾಗೆಂದು ಎಲ್ಲ ಕಿವುಡುತನಕ್ಕೂ ಇದೇ ಕಾರಣವಲ್ಲ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದರೆ, ದಿನ ತುಂಬುವ ಮೊದಲೇ ಹೆರಿಗೆಯಾದರೆ, ಹುಟ್ಟಿದ ಕೂಡಲೇ ಕಾಮಾಲೆ ಜೋರಾದರೆ, ಮಿದುಳುಜ್ವರ ಬಂದರೆ ಕೂಡ ಕಿವಿಗೆ ಅಪಾಯವುಂಟು.

ನಿಂಬೆಹಣ್ಣಿನ ಪಾಠ

ಶ್ರವಣಯಂತ್ರ ಹಾಕಿದ ದಿನ ಮಗು ಮಾತಾಡಿಬಿಡುತ್ತದೆ ಎಂದು ನಾವು ತಿಳಿದಿದ್ದೆವು. ಅಲ್ಲಿಯವರು ನಕ್ಕು ಹೇಳಿದರು: ಯಂತ್ರ ಸದ್ದನ್ನು ಕೊಡುತ್ತದೆ, ಅರ್ಥವನ್ನು ಕೊಡುವುದು ನೀವು. ಅದಕ್ಕಾಗಿಯೇ ಈ ಶಿಶುವಿಹಾರ. ಇಲ್ಲಿ ಮಗುವನ್ನು ಬಾಗಿಲಲ್ಲಿ ಬಿಟ್ಟು ಹೋಗುವಂತಿಲ್ಲ. ಅಮ್ಮನೂ ಒಳಗೆ ಕೂರಬೇಕು.

ಮೊನ್ನೆ ನಾನು ನೋಡಿದ ತರಗತಿಯಲ್ಲಿ ಜಮಖಾನದ ಮೇಲೆ ಮಕ್ಕಳು, ಅವರ ಬೆನ್ನಿಗೇ ಅಮ್ಮಂದಿರು. ಒಂದು ಮಗುವಿನ ಹಿಂದೆ ಅಜ್ಜಿ ಕೂತಿದ್ದರು. ಮೊದಲ ಕೆಲಸ ಯಂತ್ರದ ಪರೀಕ್ಷೆ. ಕಲಿಸುವವರು ಬಾಯಿಗೆ ರಟ್ಟು ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂಬ ಆರು ದನಿಗಳನ್ನು ಒಂದೊಂದಾಗಿ ಹೇಳುತ್ತಾರೆ. ಕೇಳಿದ ಮಗು ಕೋಲಿಗೆ ಒಂದು ಬಳೆ ಪೋಣಿಸುತ್ತದೆ. ಡೇನಿಯಲ್ ಲಿಂಗ್ ಎಂಬ ಶಿಕ್ಷಣತಜ್ಞರ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರೀಕ್ಷೆಯ ಸೊಗಸು ನೋಡಿ. 'ಮ್', 'ಊ' ಕೆಳಗಿನ ಕಂಪನಾಂಕದವು, 'ಶ್' ಮೇಲಿನದು, 'ಸ್' ಎಲ್ಲಕ್ಕಿಂತ ಮೇಲೆ, 4,000 ಹರ್ಟ್ಸ್ ದಾಟಿ ನಿಲ್ಲುವಂಥದು. ಮಾತಿನ ಇಡೀ ಹರವು ಈ ಆರರೊಳಗೆ ಬಂದುಬಿಡುತ್ತದೆ. ಯಾವ ಖರ್ಚೂ ಇಲ್ಲದೆ ತಾಯಿಯೇ ದಿನಾ ಬೆಳಿಗ್ಗೆ ಮಾಡಬಹುದಾದ ಪರೀಕ್ಷೆ. ನಾನು ಇದನ್ನು ನನ್ನ ತರಗತಿಗೂ ತಂದಿದ್ದೇನೆ.

ಅಂದಿನ ಪಾಠ ನಿಂಬೆಹಣ್ಣು. "ನಿಂಬೆಹಣ್ಣು ಎಲ್ಲಿ? ನಿಂಬೆಹಣ್ಣು ಇಲ್ಲಿದೆ. ಹಳದಿ ನಿಂಬೆಹಣ್ಣು. ಮೂಸಿ ನೋಡು. ಕುಯ್ಯೋಣ. ಹಿಂಡೋಣ. ಅಬ್ಬಾ, ಹುಳಿ!" ಒಂದು ಮಗು ಮುಖ ಕಿವುಚಿತು. ತಕ್ಷಣ ಅದರ ಅಮ್ಮ ಕಿವಿಯ ಹತ್ತಿರ ಬಾಗಿ "ಹುಳಿ, ಹುಳಿ" ಎಂದಳು. ನಾಲಗೆಗೆ ಹುಳಿ ತಾಕಿದ ಕ್ಷಣದಲ್ಲೇ ಕಿವಿಗೆ ಆ ಪದ ಬೀಳಬೇಕು. ಅದು ಇಲ್ಲಿಯ ಗುಟ್ಟು. ಸಕ್ಕರೆ ಹಾಕಿ, ಚಮಚದಲ್ಲಿ ಕಲಸಿ, ಪಾನಕ ಕುಡಿದು ಮುಗಿಸುವ ಹೊತ್ತಿಗೆ 'ನಿಂಬೆಹಣ್ಣು' ಎಂಬ ಪದ ಎಷ್ಟು ಸಲ ಬಂತೆಂದು ಎಣಿಸುತ್ತಿದ್ದ ನಾನು ಐವತ್ತರ ನಂತರ ಬಿಟ್ಟುಬಿಟ್ಟೆ. ಕಿವಿ ಕೇಳುವ ಮಗು ಅಡುಗೆಮನೆ, ಬೀದಿ, ಬಸ್ಸುಗಳಲ್ಲಿ ಯಾರೂ ಕಲಿಸದೆಯೇ ಒಂದೊಂದು ಪದವನ್ನು ನೂರಾರು ಸಲ ಕೇಳಿರುತ್ತದೆ. ಈ ಮಗುವಿಗೆ ಅದನ್ನು ಬೇಕೆಂದೇ, ಹತ್ತಿರದಿಂದ, ಮತ್ತೆ ಮತ್ತೆ ಕೊಡಬೇಕು. ತರಗತಿ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಮನೆಯೇ ಶಾಲೆ, ಅಮ್ಮನೇ ಟೀಚರು. ಅಮ್ಮನಿಗೂ ಪಾಠ ಏಕೆ ಎಂಬುದು ಆಗ ನನಗೆ ಹೊಳೆಯಿತು.

ಪುಟ್ಟನ ನೋಟ್‌ಬುಕ್ಕಿನ ಗುಟ್ಟೂ ಇದೇ. ಅಂದಂದಿನ ಅನುಭವಕ್ಕೆ ಒಂದು ಪುಟ. ಬಸ್ ಟಿಕೆಟ್ಟು, ಬಾಳೆಹಣ್ಣಿನ ಚಿತ್ರ, ಜಾತ್ರೆಯ ಬಲೂನಿನ ಚೂರು. ರಾತ್ರಿ ಅದನ್ನು ತೆರೆದು ಅಮ್ಮ ಮಗ ಮಾತಾಡುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ಸೊನ್ನೆ ರೂಪಾಯಿಯ ಆ ಟಿಕೆಟ್ಟುಗಳೇ ಪುಟ್ಟನ ಮೊದಲ ವಾಚನಪುಸ್ತಕ!

ಮಲಯಾಳದ ತಾಯಿ ಮಲಯಾಳದಲ್ಲಿ, ನಮ್ಮವರು ಕನ್ನಡದಲ್ಲಿ ಮಾತಾಡುತ್ತಾರೆ. ಇಂಗ್ಲಿಷ್ ಕಲಿಸಿ ಎಂದು ಯಾರೂ ಹೇಳುವುದಿಲ್ಲ. ಅಮ್ಮನ ಬಾಯಲ್ಲಿ ಸರಾಗವಾಗಿ ಹರಿಯುವ ಭಾಷೆಯೇ ಮಗುವಿಗೆ ಬೇಕಾದ್ದು.

ತಾಯಿಯನ್ನೇ ಗುರುವಾಗಿಸುವ ಈ ದಾರಿಗೆ ಒಂದು ಹಳೆಯ ಕಥೆಯಿದೆ. ಅಮೆರಿಕದ ಹೆಸರಾಂತ ನಟ ಸ್ಪೆನ್ಸರ್ ಟ್ರೇಸಿಯವರ ಮಗ ಜಾನ್ ಹುಟ್ಟಿದ್ದು 1924ರಲ್ಲಿ. ಮಗು ಮಲಗಿದ್ದಾಗ ಬಾಗಿಲು ದಢಾರನೆ ಬಡಿದುಕೊಂಡರೂ ಎಚ್ಚರಗೊಳ್ಳದ್ದನ್ನು ಕಂಡು ತಾಯಿ ಲೂಯಿಸ್‌ಗೆ ಸತ್ಯ ತಿಳಿಯಿತು. ಮಗನಿಗೆ ಮನೆಯಲ್ಲೇ ಕಲಿಸಿದ ಆಕೆ 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾನ್ ಟ್ರೇಸಿ ಕ್ಲಿನಿಕ್ ತೆರೆದರು. ದೂರದ ತಾಯಂದಿರಿಗೆ ಅಂಚೆಯ ಮೂಲಕ ಪಾಠ ಕಳಿಸುವ ಕೆಲಸವನ್ನೂ ಶುರುಮಾಡಿದರು.

ಕಾಯದ ಕಾಲ

ಇಷ್ಟು ಅವಸರವೇಕೆ? ಐದಾರು ವರ್ಷವಾದ ಮೇಲೆ ಶಾಲೆಗೆ ಸೇರಿಸಿ ಕಲಿಸಿದರಾಗದೆ? ಆಗದು. ಕೂಸು ಹೊಟ್ಟೆಯಲ್ಲಿರುವಾಗಲೇ ಅಮ್ಮನ ದನಿ ಕೇಳಲು ತೊಡಗುತ್ತದೆ. ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಭಾಷೆಗಾಗಿ ದಾರಿಗಳನ್ನು ಹಾಕಿಕೊಳ್ಳುತ್ತದೆ. ಸದ್ದೇ ಬರದಿದ್ದರೆ ಆ ಜಾಗವನ್ನು ನೋಟದಂಥ ಬೇರೆ ಕೆಲಸಗಳು ಆಕ್ರಮಿಸುತ್ತವೆ. ಬಿತ್ತನೆಯ ಹದ ತಪ್ಪಿದ ಹೊಲದಂತೆ. ಆಮೇಲೆ ಬಿತ್ತಿದರೂ ಬೆಳೆ ಬರುತ್ತದೆ, ಆದರೆ ಮೊದಲಿನಷ್ಟಲ್ಲ. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತೆಂದು ಅಮೆರಿಕದ ಕೊಲರಾಡೊದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು: ಒಂದು, ಮೂರು, ಆರು ಎಂಬ ಸೂತ್ರವನ್ನು ವೈದ್ಯಲೋಕ ಒಪ್ಪಿಕೊಂಡಿದೆ.

ಯಂತ್ರದಿಂದ ಸಾಕಷ್ಟು ಪ್ರಯೋಜನವಾಗದ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದೆ. ಅದರ ನಂತರವೂ ಇದೇ ನಿಂಬೆಹಣ್ಣಿನ ಪಾಠ ತಪ್ಪದು. ಸನ್ನೆಭಾಷೆಯಲ್ಲೇ ಚೆನ್ನಾಗಿ ಅರಳುವ ಮಕ್ಕಳೂ ಇದ್ದಾರೆ. ಅದು ವ್ಯಾಕರಣವುಳ್ಳ ಪೂರ್ಣ ಭಾಷೆಯೇ. ಬಾಯಿಂದಲೋ ಕೈಯಿಂದಲೋ, ಮಗುವಿಗೆ ಒಂದು ಭಾಷೆ ಸಕಾಲಕ್ಕೆ ಸಿಗಬೇಕು. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೂ, ಆಟಿಸಂ ಇರುವವರಿಗೂ ಆರಂಭದ ವರ್ಷಗಳೇ ಅಮೂಲ್ಯ. ಈ ಆವರಣದಲ್ಲಿ ಅಂಥ ಮಕ್ಕಳೂ ಅವರ ಅಮ್ಮಂದಿರೂ ಕಾಣಸಿಗುತ್ತಾರೆ.

ಅಂಗನವಾಡಿಯ ಊರಿನವರು ನಾವು

ಅಂಗನವಾಡಿಗಳ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಎಲ್ಲಿಗೆ ಗೊತ್ತೇ? ನಮ್ಮ ನರಸೀಪುರಕ್ಕೇ. ನೂರು ಅಂಗನವಾಡಿಗಳೊಂದಿಗೆ. ಅಂಥ ಊರಿನ ಮೇಷ್ಟ್ರೊಬ್ಬ ಅಂಗನವಾಡಿ ಕಾರ್ಯಕರ್ತೆಯ ಮಾತನ್ನು ತಳ್ಳಿಹಾಕಿದ!

ಕಾನೂನಿನ ಕಡೆ ನೋಡಿದರೂ ಒಂದು ಕಂದಕವಿದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18ರವರೆಗೆ. ಎಲ್ಲಕ್ಕಿಂತ ಮುಖ್ಯವಾದ ಮೊದಲ ಆರು ವರ್ಷ ಹೊರಗೇ ಉಳಿಯುತ್ತದೆ. ಆ ಕಂದಕದ ಮೇಲಿರುವ ಸೇತುವೆ ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಸಂಶಯವಿದ್ದರೆ ಜಿಲ್ಲಾ ಮಟ್ಟದ ಆರಂಭಿಕ ನೆರವಿನ ಕೇಂದ್ರಕ್ಕೆ ಕಳಿಸಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಗಳಲ್ಲಿ ವಿಶೇಷ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಬಗೆಗೇ ಒಂದು ಮಾರ್ಗಸೂಚಿ ಹೊರಡಿಸಿತು. ಕಾಗದದ ಮೇಲೆ ಇಷ್ಟಿದೆ. ಬೀದಿಯಲ್ಲಿ ಅದು ನಡೆಯಬೇಕಾದರೆ ಕಾರ್ಯಕರ್ತೆಯ ಮಾತಿಗೆ ಮನೆಯವರು ಬೆಲೆ ಕೊಡಬೇಕು.

ತಾಯಿತಂದೆಯರು ನೆನಪಿಡಬೇಕಾದ್ದು ಇಷ್ಟೇ. ಎಳೆಗೂಸು ಜೋರು ಸದ್ದಿಗೆ ಬೆಚ್ಚಬೇಕು. ಆರು ತಿಂಗಳ ಹೊತ್ತಿಗೆ ದನಿ ಬಂದ ಕಡೆ ತಿರುಗಬೇಕು. ವರ್ಷ ತುಂಬುವಾಗ ಹೆಸರು ಕರೆದರೆ ನೋಡಬೇಕು, ಒಂದೆರಡು ಮಾತು ತೊದಲಬೇಕು. ಎರಡು ವರ್ಷಕ್ಕೆ 'ಅಮ್ಮ ಬಾ' ಎಂದು ಎರಡು ಪದ ಕೂಡಿಸಬೇಕು. ಇಲ್ಲದಿದ್ದರೆ ಚಪ್ಪಾಳೆ ತಟ್ಟಿ ನೋಡುತ್ತಾ ಕೂರಬೇಡಿ. ಹಿರಿಯರ ಕಥೆ ಕೇಳಬೇಡಿ. ಪರೀಕ್ಷೆ ಮಾಡಿಸಿ. ಏನೂ ಇಲ್ಲವೆಂದು ತಿಳಿದರೆ ನಷ್ಟ ಒಂದು ದಿನದ ಬಸ್ ಪ್ರಯಾಣ ಮಾತ್ರ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಇದನ್ನು ನೀವೇ ಗಮನಿಸಬಹುದು.

ನಮ್ಮ ಬೀದಿಯ ಕಾರ್ಯಕರ್ತೆಯ ಬಳಿ ಹೋಗಿ "ಅಂದು ನಿಮ್ಮ ಮಾತು ಕೇಳಬೇಕಿತ್ತು ಕಣಮ್ಮ, ತಪ್ಪಾಯಿತು" ಎಂದೆ. "ಬುಡಿ ಸಾರ್, ಈಗ ಹೋಯ್ತಾ ಇದ್ದಾರಲ್ಲ" ಎಂದು ಆಕೆ ತೂಕದ ಪುಸ್ತಕ ಬರೆಯುವುದನ್ನು ಮುಂದುವರಿಸಿದರು.

ಮೊನ್ನೆ ಸಂಜೆ ಮೈಸೂರಿನ ನಿಲ್ದಾಣದಲ್ಲಿ ನಾವು ಮೂವರೂ ನಿಂತಿದ್ದೆವು. ನರಸೀಪುರದ ಬಸ್ಸು ಹಿಂದಿನಿಂದ ಬಂದು ಹಾರನ್ ಹೊಡೆಯಿತು. ಪುಟ್ಟ ತಿರುಗಿದ. ನೆರಳಿರಲಿಲ್ಲ, ನಾನು ಚಪ್ಪಾಳೆಯನ್ನೂ ತಟ್ಟಿರಲಿಲ್ಲ. ನನ್ನ ಕೈ ಎಳೆದು "ದೊಡ್ಡಪ್ಪ, ಬಹ್ ಬಂತು" ಎಂದ. ಬಸ್ಸಿನ 'ಸ್' ಇನ್ನೂ ಅವನಿಗೆ ಸಿಕ್ಕಿಲ್ಲ. ಹದಿಮೂರು ತಿಂಗಳು ಮೊದಲೇ ಬಂದಿದ್ದರೆ ಅದೂ ಸಿಕ್ಕಿರುತ್ತಿತ್ತೋ ಏನೋ ಎಂಬ ಲೆಕ್ಕ ನನ್ನನ್ನು ಬಿಡುವುದಿಲ್ಲ. ಅವನ ಅಮ್ಮನಿಗೆ ಅಂಥ ಲೆಕ್ಕಕ್ಕೆ ಪುರಸೊತ್ತಿಲ್ಲ. ಸೀಟು ಹಿಡಿದು ಕೂತವಳೇ ಟಿಕೆಟ್ಟನ್ನು ಅವನ ಕೈಗಿತ್ತು, ಕಿವಿಯ ಹತ್ತಿರ ಬಾಗಿ, "ಬಸ್ಸು. ಬಸ್ಸು ಬಂತು. ನಮ್ಮೂರ ಬಸ್ಸು" ಎಂದು ಪಾಠ ಶುರುಮಾಡಿದಳು.